ಲೂಯಿ ಓಗ್ಯುಸ್ತ್ ಬ್ಲಾಂಕಿ

ಲೂಯಿ ಓಗ್ಯುಸ್ತ್ ಬ್ಲಾಂಕಿ (೮ ಫೆಬ್ರವರಿ ೧೮೦೫ – ೧ ಜನವರಿ ೧೮೮೧) ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ಕ್ರಾಂತಿಕಾರಿ, ಪತ್ರಕರ್ತ ಹಾಗೂ ಸಮಾಜವಾದಿ ಚಿಂತಕ. ಈತ ತನ್ನ ಬದುಕಿನ ಸುಮಾರು ೩೩ ವರ್ಷಗಳನ್ನು ಸೆರೆಮನೆಗಳಲ್ಲಿ ಕಳೆದನು. ೧೮೩೯ರ ಅಕ್ಟೋಬರ್‌ನಿಂದ ೧೮೭೯ರ ಜೂನ್‌ವರೆಗಿನ ನಲವತ್ತು ವರ್ಷಗಳನ್ನಷ್ಟೇ ಲೆಕ್ಕ ಹಾಕಿದರೆ, ಬ್ಲಾಂಕಿ ಹೊರಗಿದ್ದ ಕಾಲ ಒಟ್ಟು ಎಂಟು ವರ್ಷಕ್ಕಿಂತಲೂ ಕಡಿಮೆ. ಲೂಯಿ ಫಿಲಿಪ್‌ನ ರಾಜಪ್ರಭುತ್ವ, ಎರಡನೆಯ ಗಣರಾಜ್ಯ, ಮೂರನೆಯ ನೆಪೋಲಿಯನ್ನನ ಸಾಮ್ರಾಜ್ಯ, ಮೂರನೆಯ ಗಣರಾಜ್ಯ ಹೀಗೆ ಒಂದಕ್ಕೊಂದು ವಿರುದ್ಧವಾದ ನಾಲ್ಕು ಆಡಳಿತಗಳೂ ಈತನನ್ನು ಬಂಧಿಸಿಟ್ಟವು. ಫ್ರೆಂಚರು ಈತನನ್ನು 'ಲಾಂಫೆರ್ಮೆ', ಅಂದರೆ ಸೆರೆಯಲ್ಲಿರುವವನು, ಎಂಬ ಹೆಸರಿನಿಂದಲೇ ಗುರುತಿಸುತ್ತಾರೆ.

ಆರಂಭಿಕ ಜೀವನ

ಬ್ಲಾಂಕಿ ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಪ್ಯುಜೆ ತೆನಿಯೆ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಜಾನ್ ದೊಮಿನಿಕ್ ಮಹಾಕ್ರಾಂತಿಯ ಕಾಲದ ರಾಷ್ಟ್ರೀಯ ಸಭೆಯ ಸದಸ್ಯನಾಗಿದ್ದು, ಭಯೋತ್ಪಾತದ ದಿನಗಳಲ್ಲಿ ತಾನೂ ಸೆರೆ ಕಂಡವನು. ಅಣ್ಣ ಅದೊಲ್ಫ್ ಮುಂದೆ ಹೆಸರಾಂತ ಉದಾರವಾದಿ ಅರ್ಥಶಾಸ್ತ್ರಜ್ಞನಾದನು. ಒಂದೇ ಮನೆಯ ಇಬ್ಬರು ಮಕ್ಕಳು ಹಿಡಿದ ದಾರಿಗಳು ಎಷ್ಟು ಬೇರೆಯಾಗಬಹುದು ಎಂಬುದಕ್ಕೆ ಈ ಸೋದರರು ಉದಾಹರಣೆ.

ಪ್ಯಾರಿಸ್ಸಿನಲ್ಲಿ ಕಾನೂನು ಮತ್ತು ವೈದ್ಯಶಾಸ್ತ್ರಗಳನ್ನು ಓದುತ್ತಿದ್ದಾಗ ಬ್ಲಾಂಕಿ ಕಾರ್ಬೊನಾರಿ ಎಂಬ ಗುಪ್ತಸಂಘವನ್ನು ಸೇರಿದನು. ೧೮೨೭ರ ಬೀದಿ ಹೋರಾಟಗಳಲ್ಲಿ ಗಾಯಗೊಂಡನು. ಮೂರು ವರ್ಷಗಳ ನಂತರ, ೧೮೩೦ರ ಜುಲೈ ಕ್ರಾಂತಿಯಲ್ಲಿ ಬಂದೂಕು ಹಿಡಿದು ಹೋರಾಡಿದನು. ರಾಜ ಬದಲಾದನೇ ಹೊರತು ಬಡವರ ಸ್ಥಿತಿ ಬದಲಾಗಲಿಲ್ಲ ಎಂಬ ಕಹಿ ಆಗಿನಿಂದಲೇ ಈತನ ಮನಸ್ಸಿನಲ್ಲಿ ಉಳಿಯಿತು. ೧೮೩೨ರಲ್ಲಿ ನ್ಯಾಯಾಲಯದಲ್ಲಿ ವೃತ್ತಿ ಯಾವುದೆಂದು ಕೇಳಿದಾಗ ತಾನು ಶ್ರಮಜೀವಿ ವರ್ಗದವನೆಂದು ಹೇಳಿದನು. ಅದೊಂದು ವೃತ್ತಿಯೇ ಅಲ್ಲವೆಂದು ನ್ಯಾಯಾಧೀಶ ಆಕ್ಷೇಪಿಸಿದಾಗ, ಫ್ರಾನ್ಸಿನ ಮೂರು ಕೋಟಿ ಜನರ ವೃತ್ತಿ ಅದೇ ಎಂದು ಉತ್ತರಿಸಿದನು. ಪಂಚರ ಮಂಡಳಿ ನಿರ್ದೋಷಿ ಎಂದು ತೀರ್ಪಿತ್ತರೂ, ವಿಚಾರಣೆಯ ವೇಳೆ ಆಡಿದ ಮಾತುಗಳಿಗಾಗಿಯೇ ನ್ಯಾಯಾಲಯ ಒಂದು ವರ್ಷದ ಸೆರೆ ವಿಧಿಸಿತು.

ಋತುಗಳ ಸಂಘ ಮತ್ತು ೧೮೩೯ರ ದಂಗೆ

ಅರ್ಮಾಂ ಬಾರ್ಬೆ ಮತ್ತು ಮಾರ್ತಾಂ ಬೆರ್ನಾರ್ ಜೊತೆಗೂಡಿ ಬ್ಲಾಂಕಿ ನಡೆಸಿದ 'ಋತುಗಳ ಸಂಘ'ದ ರಚನೆ ವಿಶಿಷ್ಟವಾದುದು. ಏಳು ಜನರ ಗುಂಪು ಒಂದು 'ವಾರ', ನಾಲ್ಕು ವಾರಗಳು ಒಂದು 'ತಿಂಗಳು', ಮೂರು ತಿಂಗಳು ಒಂದು 'ಋತು'. ಸದಸ್ಯನಿಗೆ ತನ್ನ ವಾರದವರ ಪರಿಚಯ ಮಾತ್ರ ಇರುತ್ತಿತ್ತು. ಮೇಲಿನ ನಾಯಕರು ಯಾರೆಂಬುದು ತಿಳಿಯುತ್ತಿರಲಿಲ್ಲ. ೧೮೩೯ರ ಮೇ ೧೨ರ ಭಾನುವಾರ ಪೊಲೀಸರ ಗಮನ ಕುದುರೆ ಪಂದ್ಯದ ಕಡೆಗಿದ್ದಾಗ ಕೆಲವು ನೂರು ಜನ ಬಂದೂಕಿನ ಅಂಗಡಿಯನ್ನು ಮುರಿದು, ಪ್ಯಾರಿಸ್ಸಿನ ಪುರಭವನಕ್ಕೆ ನುಗ್ಗಿದರು. ತಾವು ಮುಂದಾದರೆ ನಗರವೇ ಹಿಂದೆ ಬರುವುದೆಂದು ಅವರು ನಂಬಿದ್ದರು. ಯಾರೂ ಬರಲಿಲ್ಲ. ಗುಟ್ಟು ಕಾಪಾಡಲೆಂದು ಸಂಘವನ್ನು ಜನರಿಂದ ಅಷ್ಟು ಮರೆಯಾಗಿ ಇಟ್ಟಿದ್ದರಿಂದ, ಬೀದಿಯಲ್ಲಿ ನಿಂತವರಿಗೆ ಈ ಬಂಡುಕೋರರು ಯಾರೆಂಬುದೇ ಗೊತ್ತಿರಲಿಲ್ಲ. ಮುಂದಿನ ಪ್ರಯತ್ನಗಳಲ್ಲಿಯೂ ಬ್ಲಾಂಕಿ ಇದೇ ತಪ್ಪನ್ನು ಮಾಡಿದನೆಂಬುದು ಆತನ ಅಭಿಮಾನಿಗಳೂ ಒಪ್ಪುವ ಮಾತು.

ಐದು ತಿಂಗಳು ತಲೆಮರೆಸಿಕೊಂಡಿದ್ದು ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದನು. ೧೮೪೦ರ ಜನವರಿಯಲ್ಲಿ ವಿಧಿಸಿದ ಮರಣದಂಡನೆ ಜೀವಾವಧಿ ಸೆರೆಯಾಗಿ ಮಾರ್ಪಟ್ಟಿತು.

ಮೋಂ ಸಾಂ ಮಿಶೆಲ್

ಇಂದು ಪ್ರವಾಸಿಗರು ಕಿಕ್ಕಿರಿಯುವ, ಭರತದ ನೀರು ಸುತ್ತುವರಿಯುವ ಮೋಂ ಸಾಂ ಮಿಶೆಲ್ ಮಠ ಆಗ ಸೆರೆಮನೆಯಾಗಿತ್ತು. ಚಳಿ, ತೇವ, ಏಕಾಂತ ಮತ್ತು ಕಾವಲುಗಾರರ ಕಾಠಿಣ್ಯಗಳಿಂದ ಬ್ಲಾಂಕಿಯ ಆರೋಗ್ಯ ಕೆಟ್ಟಿತು. ಹೆಂಡತಿ ಅಮೆಲಿ ಸುಜಾನ್ ಸೆರ್, ಗಂಡ ಅಲ್ಲಿ ಸೇರಿದ ಒಂದು ವರ್ಷದೊಳಗೆ, ೧೮೪೧ರ ಜನವರಿಯಲ್ಲಿ ತೀರಿಕೊಂಡಳು. ಆಕೆಯ ಮುಖವನ್ನು ಕೊನೆಯದಾಗಿ ನೋಡುವ ಅವಕಾಶವೂ ದೊರೆಯಲಿಲ್ಲ. ಬ್ಲಾಂಕಿ ಮತ್ತೆ ಮದುವೆಯಾಗಲಿಲ್ಲ. ಮಗ ಎಸ್ತೇವ್ ತಂದೆಯಿಂದ ದೂರವಾಗಿಯೇ ಬೆಳೆದನು. ೧೮೪೨ರಲ್ಲಿ ಸಂಗಾತಿಗಳೊಡನೆ ತಪ್ಪಿಸಿಕೊಳ್ಳಲು ಮಾಡಿದ ಪ್ರಯತ್ನ ವಿಫಲವಾಯಿತು. ಇನ್ನು ಬದುಕುವುದಿಲ್ಲವೆಂದು ಭಾವಿಸಿ ತೂರ್ ನಗರದ ಆಸ್ಪತ್ರೆಗೆ ಸಾಗಿಸಿದ ಮೇಲೆ, ೧೮೪೪ರ ಕೊನೆಯಲ್ಲಿ ಸರ್ಕಾರ ಕ್ಷಮಾದಾನ ನೀಡಿತು. ಸಂಗಾತಿಗಳು ಒಳಗಿರುವಾಗ ತನಗೊಬ್ಬನಿಗೆ ಬಿಡುಗಡೆ ಬೇಡವೆಂದು ಬ್ಲಾಂಕಿ ಅದನ್ನು ತಿರಸ್ಕರಿಸಿದನು.

೧೮೪೮ ಮತ್ತು ನಂತರ

೧೮೪೮ರ ಫೆಬ್ರವರಿ ಕ್ರಾಂತಿ ಈತನನ್ನು ಬಿಡಿಸಿತು. ಆದರೆ ಸ್ವಾತಂತ್ರ್ಯ ಮೂರೇ ತಿಂಗಳು ಉಳಿಯಿತು. ಹಳ್ಳಿಗಾಡಿನ ಮತದಾರರು ಇನ್ನೂ ಜಮೀನ್ದಾರರ ಮತ್ತು ಪಾದ್ರಿಗಳ ಹಿಡಿತದಲ್ಲಿದ್ದಾರೆ, ಆದ್ದರಿಂದ ಚುನಾವಣೆಯನ್ನು ಮುಂದೂಡಬೇಕು ಎಂದು ಬ್ಲಾಂಕಿ ಒತ್ತಾಯಿಸಿದನು. ಈ ನಡುವೆ ತಾಶೆರೋ ಎಂಬ ಪತ್ರಕರ್ತ ಒಂದು ದಾಖಲೆಯನ್ನು ಪ್ರಕಟಿಸಿದನು. ೧೮೩೯ರಲ್ಲಿ ಬಂಧಿತನಾದ ಬ್ಲಾಂಕಿ ಸಂಘದ ಗುಟ್ಟುಗಳನ್ನು ಪೊಲೀಸರಿಗೆ ತಿಳಿಸಿದ್ದನೆಂಬುದು ಅದರ ತಾತ್ಪರ್ಯ. ಬ್ಲಾಂಕಿ ಅದನ್ನು ಸುಳ್ಳೆಂದು ಅಲ್ಲಗಳೆದನು, ಬಾರ್ಬೆ ನಿಜವೆಂದು ನಂಬಿದನು. ಹಳೆಯ ಗೆಳೆಯರಿಬ್ಬರೂ ಮುಂದೆ ಬೆಲ್ ಈಲ್ ದ್ವೀಪದ ಒಂದೇ ಸೆರೆಮನೆಯಲ್ಲಿದ್ದರೂ ಹಗೆತನ ಕರಗಲಿಲ್ಲ. ಇತಿಹಾಸಕಾರರಲ್ಲಿಯೂ ಈ ವಿಷಯದಲ್ಲಿ ಒಮ್ಮತ ಮೂಡಿಲ್ಲ.

ಮೇ ೧೫ರ ಗಲಭೆಯ ನಂತರ ಮತ್ತೆ ಬಂಧನ, ಹತ್ತು ವರ್ಷಗಳ ಶಿಕ್ಷೆ. ದುಲ್ಲಾಂ, ಬೆಲ್ ಈಲ್, ಕಾರ್ಸಿಕಾ ದ್ವೀಪದ ಕೋರ್ತೆ, ಕೊನೆಗೆ ಕೆಲವು ತಿಂಗಳು ಅಲ್ಜೀರಿಯ. ೧೮೫೯ರಲ್ಲಿ ಬಿಡುಗಡೆ, ೧೮೬೧ರಲ್ಲಿ ಮರುಬಂಧನ, ೧೮೬೫ರಲ್ಲಿ ಆಸ್ಪತ್ರೆಯಿಂದ ಬೆಲ್ಜಿಯಮ್ಮಿಗೆ ಪರಾರಿ. ಸೆರೆಯಲ್ಲಿ ಪರಿಚಯವಾದ ತರುಣ ವಿದ್ಯಾರ್ಥಿಗಳೇ ಆ ಬಳಿಕ ಈತನ ಅನುಯಾಯಿಗಳ ಪಡೆಯಾದರು.

ಪ್ಯಾರಿಸ್ ಕಮ್ಯೂನ್

ಬ್ಲಾಂಕಿಯ ಬಾಳಿನ ದೊಡ್ಡ ವ್ಯಂಗ್ಯ ೧೮೭೧ರಲ್ಲಿ ಘಟಿಸಿತು. ಹಿಂದಿನ ಅಕ್ಟೋಬರ್‌ನ ದಂಗೆಗಾಗಿ ಆತನಿಗೆ ಗೈರುಹಾಜರಿಯಲ್ಲಿ ಮರಣದಂಡನೆ ಘೋಷಣೆಯಾಗಿತ್ತು. ಅನಾರೋಗ್ಯದಿಂದ ದಕ್ಷಿಣದಲ್ಲಿ ವಿಶ್ರಾಂತಿ ಪಡೆಯುತ್ತಿದ್ದ ಆತನನ್ನು ಮಾರ್ಚ್ ೧೭ರಂದು ಬಂಧಿಸಲಾಯಿತು. ಮರುದಿನವೇ ಪ್ಯಾರಿಸ್ಸಿನ ಜನ ಎದ್ದರು. ಜೀವನವಿಡೀ ಯಾವ ದಂಗೆಗಾಗಿ ಕಾದಿದ್ದನೋ ಅದು ನಡೆದಾಗ ಬ್ಲಾಂಕಿ ಬೀಗದ ಹಿಂದಿದ್ದನು. ಕಮ್ಯೂನಿನ ಚುನಾವಣೆಯಲ್ಲಿ ಆಯ್ಕೆಯಾದರೂ ಆ ಸುದ್ದಿ ಆತನಿಗೆ ತಲುಪದಂತೆ ನೋಡಿಕೊಳ್ಳಲಾಯಿತು.

ಒತ್ತೆಯಾಳಾಗಿದ್ದ ಪ್ಯಾರಿಸ್ಸಿನ ಆರ್ಚ್‌ಬಿಷಪ್ ಜಾರ್ಜ್ ದಾರ್ಬುವಾನನ್ನು ಬ್ಲಾಂಕಿಗೆ ಬದಲಾಗಿ ಬಿಡಲು ಕಮ್ಯೂನ್ ಮುಂದೆ ಬಂದಿತು. ಬ್ಲಾಂಕಿಯ ಹಳೆಯ ಗೆಳೆಯ ಫ್ಲೋತ್ ಮಧ್ಯಸ್ಥಿಕೆ ವಹಿಸಿದನು. ಆರ್ಚ್‌ಬಿಷಪ್‌ನ ಪತ್ರ ಹಿಡಿದು ವೆರ್ಸೈಲ್ಸ್‌ಗೆ ಹೋದ ಪಾದ್ರಿ ಲಗಾರ್ದ್, ಮಾತು ಕೊಟ್ಟಂತೆ ಮರಳಿ ಬರಲೇ ಇಲ್ಲ. ಕೊನೆಗೆ ಒಬ್ಬ ಬ್ಲಾಂಕಿಗಾಗಿ ೭೪ ಒತ್ತೆಯಾಳುಗಳನ್ನೂ ಬಿಡುವುದಾಗಿ ಕಮ್ಯೂನ್ ತಿಳಿಸಿದರೂ ಸರ್ಕಾರದ ಮುಖ್ಯಸ್ಥ ತಿಯೇರ್ ಒಪ್ಪಲಿಲ್ಲ. ಬ್ಲಾಂಕಿ ಕೈಸೇರಿದರೆ ಕಮ್ಯೂನಿಗೆ ನಾಯಕ ಸಿಕ್ಕಂತಾಗುತ್ತದೆಂದು ತಿಯೇರ್ ಅರಿತಿದ್ದನೆಂಬುದು ಕಾರ್ಲ್ ಮಾರ್ಕ್ಸನ ಅಭಿಪ್ರಾಯ. ಮೇ ೨೪ರಂದು ಆರ್ಚ್‌ಬಿಷಪ್‌ನನ್ನು ಗುಂಡಿಕ್ಕಿ ಕೊಲ್ಲಲಾಯಿತು. ಈ ಸಾವಿನಲ್ಲಿ ಕೊಂದವರಷ್ಟೇ ಅಲ್ಲ, ವಿನಿಮಯವನ್ನು ನಿರಾಕರಿಸಿದವರೂ ಪಾಲುದಾರರೇ ಎಂಬ ವಾದ ಇಂದಿಗೂ ನಡೆಯುತ್ತಿದೆ.

ನಕ್ಷತ್ರಗಳ ಪುಸ್ತಕ

ಆ ಕಾಲದಲ್ಲಿ ಬ್ಲಾಂಕಿ ಬ್ರಿಟನಿಯ ಕರಾವಳಿಯಾಚೆ ಸಮುದ್ರದ ನಡುವಿನ ತೋರೋ ಕೋಟೆಯಲ್ಲಿ ಏಕೈಕ ಬಂದಿಯಾಗಿದ್ದನು. ಅಲ್ಲಿ ಬರೆದು ೧೮೭೨ರಲ್ಲಿ ಪ್ರಕಟವಾದ 'ನಕ್ಷತ್ರಗಳ ಮೂಲಕ ಅನಂತತೆ' ಎಂಬ ಅರ್ಥದ ಶೀರ್ಷಿಕೆಯ ಕಿರುಹೊತ್ತಗೆಯಲ್ಲಿ ರಾಜಕೀಯ ಇಲ್ಲವೆಂದೇ ಹೇಳಬಹುದು. ವಿಶ್ವ ಅನಂತ, ಆದರೆ ಅದನ್ನು ಕಟ್ಟುವ ಮೂಲವಸ್ತುಗಳು ಕೆಲವೇ. ಆದ್ದರಿಂದ ಅವುಗಳ ಜೋಡಣೆಗಳು ಮರುಕಳಿಸಲೇಬೇಕು, ನಮ್ಮಂಥದೇ ಭೂಮಿಗಳು ಎಣಿಕೆಯಿಲ್ಲದಷ್ಟು ಇರಲೇಬೇಕು ಎಂಬುದು ಅಲ್ಲಿನ ತರ್ಕ. ಹಾಗಾದರೆ ಇದೇ ಕೋಟೆಯಲ್ಲಿ, ಇದೇ ಮೇಜಿನ ಮುಂದೆ, ಇದೇ ಸಾಲನ್ನು ಬರೆಯುತ್ತಿರುವ ಮತ್ತೊಬ್ಬ ಬ್ಲಾಂಕಿಯೂ ಎಲ್ಲೋ ಇದ್ದಾನೆ! ದಶಕಗಳ ಬಳಿಕ ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಈ ಕೃತಿಯತ್ತ ವಿದ್ವಾಂಸರ ಗಮನ ಸೆಳೆದನು.

ಕೊನೆಯ ವರ್ಷಗಳು

ಉಳಿದ ಶಿಕ್ಷೆಯನ್ನು ಕ್ಲೆರ್ವೋ ಸೆರೆಮನೆಯಲ್ಲಿ ಅನುಭವಿಸುತ್ತಿದ್ದಾಗ, ೧೮೭೯ರ ಏಪ್ರಿಲ್‌ನಲ್ಲಿ ಬೋರ್ದೋ ನಗರದ ಮತದಾರರು ಬ್ಲಾಂಕಿಯನ್ನು ಸಂಸತ್ತಿಗೆ ಆರಿಸಿದರು. ಶಿಕ್ಷಿತನೆಂಬ ಕಾರಣದಿಂದ ಆಯ್ಕೆ ರದ್ದಾಯಿತು; ಆದರೆ ಜೂನ್‌ನಲ್ಲಿ ಬಿಡುಗಡೆ ದೊರೆಯಿತು. ಎಪ್ಪತ್ನಾಲ್ಕರ ವಯಸ್ಸಿನಲ್ಲಿಯೂ ಊರೂರು ಸುತ್ತಿ ಭಾಷಣ ಮಾಡಿದನು, ೧೮೮೦ರಲ್ಲಿ 'ದೇವರೂ ಬೇಡ, ಒಡೆಯನೂ ಬೇಡ' ಎಂಬ ಅರ್ಥದ ಹೆಸರಿನ ಪತ್ರಿಕೆಯನ್ನು ಆರಂಭಿಸಿದನು. ಆ ವರ್ಷದ ಕೊನೆಯಲ್ಲಿ ಸಭೆಯೊಂದರಿಂದ ಮರಳಿದ ಮೇಲೆ ಪಾರ್ಶ್ವವಾಯುವಿಗೆ ತುತ್ತಾಗಿ, ೧೮೮೧ರ ಹೊಸವರ್ಷದ ದಿನ ಪ್ಯಾರಿಸ್ಸಿನಲ್ಲಿ ನಿಧನನಾದನು. ಪೇರ್ ಲಶೇಜ್ ಸ್ಮಶಾನದವರೆಗೆ ಭಾರಿ ಜನಸಮೂಹ ಹಿಂಬಾಲಿಸಿತು. ಸಮಾಧಿಯ ಮೇಲೆ ಶಿಲ್ಪಿ ದಾಲು ರಚಿಸಿದ, ಮಲಗಿದ ಭಂಗಿಯ ಪ್ರತಿಮೆಯಿದೆ. ಹುಟ್ಟೂರಿನಲ್ಲಿರುವ ಸ್ಮಾರಕವನ್ನು ರಚಿಸಿದವನು ಅರಿಸ್ತೀದ್ ಮಯೋಲ್. ಅದರಲ್ಲಿ ಬ್ಲಾಂಕಿಯ ರೂಪವಿಲ್ಲ, ಕೈಗಳನ್ನು ಬೆನ್ನ ಹಿಂದೆ ಕಟ್ಟಿದ್ದರೂ ಮುಂದಕ್ಕೆ ಹೆಜ್ಜೆಯಿಡುತ್ತಿರುವ ಹೆಂಗಸಿನ ಶಿಲ್ಪವಿದೆ.