ಕಡಂದಲೆಯ ಕೃಷ್ಣರಾಯರು

ಹೊಟ್ಟೆಯ ಪಾಡಿಗಾಗಿ ಘಟ್ಟವಿಳಿದು, ಗಡಿ ದಾಟಿ ಮದರಾಸನ್ನು ಸೇರಿದ ಕನ್ನಡಿಗರು ಸಹಸ್ರಾರು. ಅವರ ಪೈಕಿ ತಮ್ಮ ಹೆಸರಿಗಿಂತಲೂ ತಮ್ಮ ಹೋಟೆಲಿನ ಹೆಸರನ್ನು ದೊಡ್ಡದಾಗಿ ಬೆಳೆಸಿದವರು ವುಡ್‌ಲ್ಯಾಂಡ್ಸಿನ ದಿವಂಗತ ಕೆ. ಕೃಷ್ಣರಾಯರು. ಎಂಜಲೆಲೆ ಎತ್ತುವ ಹುಡುಗನಿಂದ ಹಿಡಿದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಯಜಮಾನನವರೆಗೆ, ಈ ಕಸುಬಿನವರೆಲ್ಲರೂ ಅವರ ಜೀವನವನ್ನು ಒಮ್ಮೆ ನೆನೆಯುವುದು ಉಚಿತ.

ಅವರು ಜನಿಸಿದುದು 1898ರಲ್ಲಿ, ದಕ್ಷಿಣ ಕನ್ನಡದ ಕಡಂದಲೆ ಗ್ರಾಮದಲ್ಲಿ. ಬಡ ಪುರೋಹಿತ ಮನೆತನ. ಹೆಚ್ಚಿನ ವಿದ್ಯಾಭ್ಯಾಸಕ್ಕೆ ಅನುಕೂಲವಿರಲಿಲ್ಲ. ಎಳೆಯ ವಯಸ್ಸಿನಲ್ಲಿಯೇ ಉಡುಪಿಯ ಮಠದ ಪಾಕಶಾಲೆಯಲ್ಲಿ ಊಳಿಗಕ್ಕೆ ನಿಂತರು. ನೂರಾರು ಜನರ ಪಂಕ್ತಿಗೆ ಹೊತ್ತು ಮೀರದಂತೆ ಅಡಿಗೆ ಇಳಿಸುವುದು, ಮಡಿ ಕೆಡದಂತೆ ಬಡಿಸುವುದು, ಬಂದವರನ್ನು ಹಸಿದು ಕಳುಹಿಸದಿರುವುದು, ಇದೇ ಆ ಅಡಿಗೆಮನೆಯ ಪಾಠ. ಮುಂದಿನ ಉದ್ಯಮಕ್ಕೆಲ್ಲ ಅವರ ಮೂಲಧನವೂ ಇದೇ ಆಯಿತು.

ದಕ್ಷಿಣ ಕನ್ನಡವು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮದರಾಸು ಆಡಳಿತಕ್ಕೆ ಸೇರಿದ್ದಿತು. ಆದುದರಿಂದ ಆ ಕಡೆಯ ಹುಡುಗನಿಗೆ ರಾಜಧಾನಿಯೆಂದರೆ ಮದರಾಸೇ. ಮಂಗಳೂರಿನಿಂದ ರೈಲುದಾರಿಯೂ ತೆರೆದಿದ್ದಿತು. 1920ರ ದಶಕದಲ್ಲಿ ಕೃಷ್ಣರಾಯರೂ ಆ ದಾರಿಯ ಜನರಂತೆ ನಗರವನ್ನು ಸೇರಿ, ಜಾರ್ಜ್ ಟೌನಿನ ಸಣ್ಣ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದರು. ಸುತ್ತಲೂ ಕಚೇರಿಗಳು, ಮಂಡಿಗಳು, ನ್ಯಾಯಸ್ಥಾನ. ಸಂಸಾರವನ್ನು ಊರಿನಲ್ಲಿ ಬಿಟ್ಟು ಬಂದ ಗುಮಾಸ್ತರಿಗೆ ಎರಡು ಹೊತ್ತಿನ ಶುಚಿಯಾದ ಊಟವೇ ದೊಡ್ಡ ಚಿಂತೆಯಾಗಿದ್ದ ಕಾಲವದು.

ಕೆಲಕಾಲಾನಂತರ ಆಚಾರಪ್ಪನ್ ಬೀದಿಯ ಒಂದು ಪುಟ್ಟ ಹೋಟೆಲು ಅವರ ಕೈಗೆ ಬಂದಿತು. ಕೈಯಲ್ಲಿ ಇಡುಗಂಟಿರಲಿಲ್ಲ, ಬೆಲೆಯನ್ನು ತಿಂಗಳ ಕಂತಿನಲ್ಲಿ ತೀರಿಸುವ ಕರಾರಿನ ಮೇಲೆ ಅದು ದೊರೆಯಿತು. ಈ ಒಂದು ಸಂಗತಿಯನ್ನು ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಆಸ್ತಿಯಿಲ್ಲದ ಕೆಲಸಗಾರನಿಗೆ ಅಡವಿಡಲು ಇದ್ದುದು ತನ್ನ ನಡತೆಯೊಂದೇ. ಅದನ್ನು ನಂಬಿ ಕೊಡುವವರಿದ್ದುದರಿಂದ ಒಬ್ಬ ನೌಕರ ಯಜಮಾನನಾದನು.

ಮುಂದೆ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ತಲೆಯೆತ್ತಿತು. 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡು ಅರಸು ಮನೆತನದ ಬಂಗಲೆಯನ್ನು ಗೇಣಿಗೆ ಪಡೆದು ಅವರು ವುಡ್‌ಲ್ಯಾಂಡ್ಸನ್ನು ಆರಂಭಿಸಿದರು. ಮರಗಿಡಗಳ ತೋಪಿನ ನಡುವೆ ಇದ್ದುದರಿಂದ ಆ ಹೆಸರು. ಊಟದೊಂದಿಗೆ ತಂಗಲು ಕೋಣೆಯನ್ನೂ ಒದಗಿಸಿ, ಸಸ್ಯಾಹಾರಿ ಹೋಟೆಲೂ ಗಣ್ಯರ ಬಿಡಾರವಾಗಬಲ್ಲದೆಂದು ತೋರಿಸಿದರು. 1952ರಲ್ಲಿ ಮೈಲಾಪುರದಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ತೆರೆಯಿತು.

ಆ ಕಾಲದ ಹೋಟೆಲುಗಳಲ್ಲಿ ಜಾತಿಗೊಂದು ಪಂಕ್ತಿಯಿದ್ದಿತೆಂಬುದನ್ನು ಮರೆಮಾಚಬಾರದು. ಕಾನೂನೂ ಜನಾಭಿಪ್ರಾಯವೂ ಕೂಡಿ ಅದನ್ನು ಕ್ರಮೇಣ ತೊಡೆದುಹಾಕಿದುವು. ಮಠದ ಮಡಿಯಿಂದ ಹೊರಟ ರುಚಿಯು ಸರ್ವರ ಎಲೆಗೂ ಬಂದುದು ಆ ಬದಲಾವಣೆಯಿಂದಲೇ.

1962ರಲ್ಲಿ ಕೆಥೀಡ್ರಲ್ ರಸ್ತೆಯ ತೋಟಗಾರಿಕೆ ಸಂಘದ ಜಾಗದಲ್ಲಿ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ ಪ್ರಾರಂಭವಾಯಿತು. ಮೋಟಾರಿನಲ್ಲಿ ಕುಳಿತವರಿಗೆ ಕುಳಿತಲ್ಲಿಗೇ ಮಸಾಲೆದೋಸೆ, ಕಾಫಿ. ಆದರೆ ಆ ಸ್ಥಳವು ಮೋಟಾರುಳ್ಳವರದು ಮಾತ್ರವಾಗಲಿಲ್ಲ. ಒಂದು ಲೋಟ ಕಾಫಿಯನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕೂರುವ ಔಷಧ ಕಂಪನಿಯ ಪ್ರತಿನಿಧಿಗಳಿಗೂ, ಬರಹಗಾರರಿಗೂ, ಕೆಲಸ ಅರಸುವ ಯುವಕರಿಗೂ ಅದು ಆಶ್ರಯವಾಯಿತು.

1990ರಲ್ಲಿ ಕೃಷ್ಣರಾಯರು ತುಂಬು ವಯಸ್ಸಿನಲ್ಲಿ ಕಾಲವಾದರು. ಅವರ ಮಕ್ಕಳು ತಂದೆಯ ಉದ್ಯಮವನ್ನೇ ಹಿಡಿದು ಮುಂದುವರಿಸಿದರು. ಸಂಸಾರವೂ ಹೋಟೆಲೂ ಬೇರೆಯಲ್ಲದ ಬಾಳು ಅವರದು.

ಗೇಣಿಯ ನೆಲವು ಒಂದು ದಿನ ಧಣಿಗೆ ಹಿಂದಿರುಗಲೇಬೇಕು. ಡ್ರೈವ್-ಇನ್ 2008ರಲ್ಲಿ ಮುಚ್ಚಿತು. ಆ ಜಾಗದಲ್ಲಿ 2010ರಲ್ಲಿ ಸರಕಾರದ ಸೆಮ್ಮೊಳಿ ಉದ್ಯಾನ ತೆರೆಯಿತು. ನಿತ್ಯದ ಗಿರಾಕಿಗಳು ನೆಂಟರ ಮನೆ ಕಳೆದುಕೊಂಡವರಂತೆ ಮರುಗಿದರು. ಕಟ್ಟಡ ಹೋದರೂ ಹೆಸರು ಹೋಗಲಿಲ್ಲ. ವುಡ್‌ಲ್ಯಾಂಡ್ಸ್ ಎಂಬ ಹೆಸರಿನ ಸಸ್ಯಾಹಾರಿ ಹೋಟೆಲುಗಳು ಸಮುದ್ರದಾಚೆಯ ನಗರಗಳಲ್ಲಿಯೂ ಎದ್ದುವು.

ಅವರ ಕಥೆಯನ್ನು ಅದೃಷ್ಟದ ಕಥೆಯೆಂದು ಹೇಳುವುದು ಸುಲಭ. ಆದರೆ ಒರಳಿನ ಮುಂದೆ ಕುಳಿತು ಬೆವರು ಸುರಿಸಿದ ಎಲ್ಲ ಹುಡುಗರಿಗೂ ಆಚಾರಪ್ಪನ್ ಬೀದಿಯ ಕಂತಿನ ಕರಾರು ದೊರೆಯಲಿಲ್ಲ. ಅನೇಕರು ಬಂದ ಕೈಯಲ್ಲೇ ಊರಿಗೆ ಹಿಂದಿರುಗಿದರು. ಕೆಲಸಗಾರನು ಈ ಜೀವನದಿಂದ ದುಡಿಮೆಯ ಶಿಸ್ತನ್ನು ಕಲಿಯಲಿ. ಯಜಮಾನನು ಮಾತ್ರ ಇನ್ನೊಂದನ್ನು ಕಲಿಯಬೇಕು: ತನ್ನ ಅಡಿಗೆಮನೆಯಲ್ಲಿ ಇಂದು ಹಿಟ್ಟು ರುಬ್ಬುತ್ತಿರುವ ಹುಡುಗನನ್ನು ನಂಬಿ, ನಾಳೆ ಒಂದು ಅವಕಾಶ ಕೊಡುವುದನ್ನು.