ಕಡಲಿನ ಬೂಷ್ಟು ಕ್ಯಾನ್ಸರ್ ಗಡ್ಡೆಯ ರಕ್ತ ನಿಲ್ಲಿಸುತ್ತದೆಯೇ? ಜೂಡಾ ಫೋಕ್‌ಮನ್ ಕಥೆ

ಕಡಲಿನ ಶಿಲೀಂಧ್ರದಿಂದ ತೆಗೆದ ಔಷಧಿ ಗಡ್ಡೆಗೆ ರಕ್ತ ಸಿಗದಂತೆ ಮಾಡಿ ಕ್ಯಾನ್ಸರ್ ಗುಣಪಡಿಸುತ್ತದೆ ಎಂಬ ಮಾತು ನಿಜವೇ? ಇದಕ್ಕೆ ಉತ್ತರ ಹುಡುಕಲು ನಾವು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಅವರ ಬದುಕನ್ನು ನೋಡಬೇಕು.

1933ರಲ್ಲಿ ಯಹೂದಿ ಧರ್ಮಗುರುವಿನ ಮಗನಾಗಿ ಹುಟ್ಟಿದ ಅವರು ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿದರು. 1960ರ ಸುಮಾರಿಗೆ ನೌಕಾಪಡೆಯ ಪ್ರಯೋಗಾಲಯದಲ್ಲಿ, ದೇಹದಿಂದ ಹೊರತೆಗೆದು ಜೀವಂತವಾಗಿಟ್ಟ ಥೈರಾಯ್ಡ್ ಗ್ರಂಥಿಗೆ ಗಡ್ಡೆಯ ಜೀವಕೋಶ ಸೇರಿಸಿದರು. ಗಡ್ಡೆ ಒಂದೆರಡು ಮಿಲಿಮೀಟರ್ ಬೆಳೆದು ನಿಂತುಬಿಟ್ಟಿತು. ಅದನ್ನೇ ಇಲಿಯ ದೇಹಕ್ಕೆ ಹಾಕಿದಾಗ ಹೊಸ ರಕ್ತನಾಳಗಳನ್ನು ಎಳೆದುಕೊಂಡು ದಪ್ಪವಾಯಿತು. 34ನೇ ವಯಸ್ಸಿಗೇ ಬಾಸ್ಟನ್ ಮಕ್ಕಳ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯರಾದರೂ, ರಕ್ತನಾಳ ತಡೆದರೆ ಗಡ್ಡೆ ಬೆಳೆಯದೆಂದು 1971ರಲ್ಲಿ ಬರೆದಾಗ ನಂಬಿದವರು ಕಡಿಮೆ. ವರ್ಷಗಟ್ಟಲೆ ಮೂದಲಿಕೆ ಸಹಿಸಿದರು.

ಬೂಷ್ಟು ಬಂದದ್ದು ಆಕಸ್ಮಿಕ. ಅವರ ಪ್ರಯೋಗಾಲಯದಲ್ಲಿ ಡೊನಾಲ್ಡ್ ಇಂಗ್ಬರ್ ಬೆಳೆಸುತ್ತಿದ್ದ ರಕ್ತನಾಳದ ಜೀವಕೋಶಗಳಿಗೆ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಶಿಲೀಂಧ್ರ ಹತ್ತಿತು. ಸಾಮಾನ್ಯವಾಗಿ ಅಂಥ ತಟ್ಟೆ ಕಸಕ್ಕೆ ಹೋಗುತ್ತದೆ. ಆದರೆ ಬೂಷ್ಟಿನ ಹತ್ತಿರದ ಕೋಶಗಳು ಬೆಳವಣಿಗೆ ನಿಲ್ಲಿಸಿ ದುಂಡಗಾಗಿದ್ದನ್ನು ಇಂಗ್ಬರ್ ಗಮನಿಸಿದರು. ಕಾರಣ ಫ್ಯೂಮಗಿಲಿನ್; ಜೇನುಹುಳುಗಳ ರೋಗಕ್ಕೆ ಬಳಸುತ್ತಿದ್ದ ಹಳೆಯ ವಸ್ತು. 1990ರಲ್ಲಿ ಫಲಿತಾಂಶ ಪ್ರಕಟವಾಯಿತು. ಅದನ್ನು ಮಾರ್ಪಡಿಸಿ ಮಾಡಿದ ಟಿಎನ್‌ಪಿ-470 ಮನುಷ್ಯರ ಮೇಲಿನ ಪರೀಕ್ಷೆಗೂ ಹೋಯಿತು. ನರಮಂಡಲದ ಮೇಲಾದ ದುಷ್ಪರಿಣಾಮ ಅಡ್ಡಬಂತು.

1998ರಲ್ಲಿ ಅವರ ಇನ್ನೆರಡು ವಸ್ತುಗಳು ಇಲಿಗಳಲ್ಲಿ ಗಡ್ಡೆ ಕರಗಿಸಿದ ಸುದ್ದಿ ನ್ಯೂಯಾರ್ಕಿನ ಪತ್ರಿಕೆಯ ಮುಖಪುಟಕ್ಕೆ ಬಂತು. ರೋಗಿಗಳು, ಮನೆಯವರು ಔಷಧಿಗಾಗಿ ಮುಗಿಬಿದ್ದರು. ಅದನ್ನು ಅದುವರೆಗೆ ಒಬ್ಬ ಮನುಷ್ಯನಿಗೂ ಕೊಟ್ಟಿರಲಿಲ್ಲ! ಇಲಿಯಲ್ಲಿ ಗುಣವಾದದ್ದು ಮನುಷ್ಯನಲ್ಲಿ ಆಗಲೇಬೇಕಿಲ್ಲ ಎಂದು ಫೋಕ್‌ಮನ್ ಎಚ್ಚರಿಸುತ್ತಲೇ ಇದ್ದರು. ಅವರಿಗಿದ್ದ ಈ ಸಂಯಮ ಸುದ್ದಿ ಹಬ್ಬಿಸುವವರಲ್ಲಿ ಇಂದಿಗೂ ನಮಗೆ ಕಾಣುವುದಿಲ್ಲ.

ರಕ್ತನಾಳ ತಡೆಯುವ ಬೆವಾಸಿಜುಮ್ಯಾಬ್‌ಗೆ 2004ರಲ್ಲಿ ಅನುಮತಿ ಸಿಕ್ಕಿತು. ಅದು ಬೂಷ್ಟಿನದಲ್ಲ, ಪ್ರತಿಕಾಯ. ಹರಡಿದ ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ಕೀಮೋಥೆರಪಿಯ ಜೊತೆ ಕೊಟ್ಟಾಗ ಆಯುಷ್ಯಕ್ಕೆ ಕೆಲವು ತಿಂಗಳು ಸೇರಿಸಿತು. ಫೋಕ್‌ಮನ್ 2008ರ ಜನವರಿ 14ರಂದು ಡೆನ್ವರ್ ವಿಮಾನ ನಿಲ್ದಾಣದಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಇನ್ನು ಕಡಲಿನ ವಿಷಯ. ಸಮುದ್ರದ ಆಸ್ಪರ್ಜಿಲಸ್ ತಯಾರಿಸುವ ಹ್ಯಾಲಿಮೈಡ್ ಎಂಬ ವಸ್ತುವಿನ ಮಾದರಿಯಲ್ಲಿ ಪ್ಲಿನಾಬುಲಿನ್ ರೂಪುಗೊಂಡಿತು. ಇದು ಗಡ್ಡೆಯೊಳಗೆ ಆಗಲೇ ಇರುವ ರಕ್ತನಾಳಗಳನ್ನು ಕೆಡಿಸುತ್ತದೆ. ಕೀಮೋಥೆರಪಿಯಿಂದ ಬಿಳಿರಕ್ತಕಣ ಕುಸಿಯುವುದನ್ನು ತಡೆಯಲು ಇದನ್ನು ಬಳಸುವ ಅರ್ಜಿಯನ್ನು 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪದೆ ಮತ್ತೊಂದು ಪರೀಕ್ಷೆ ಕೇಳಿದರು.

ಬೂಷ್ಟಿನಲ್ಲಿ ಔಷಧಿ ಇದೆಯೆಂದು ಅರಕೇರಾದ ಮನೆಯಲ್ಲಿ ತೇವ ಹಿಡಿದ ಶೇಂಗಾ ತಿನ್ನುವಂತಿಲ್ಲ. ಅದಕ್ಕೆ ಹತ್ತುವ ಆಸ್ಪರ್ಜಿಲಸ್ ಫ್ಲೇವಸ್ ಇದೇ ಕುಲದ್ದು. ಅದರ ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ವಿಷ. ಹುರಿದರೂ ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ.