ಬಿಯರ್ ಕಾರ್ಖಾನೆಯ ಜೂಲ್ ಮತ್ತು ನಮ್ಮ ಕಾದ ಲ್ಯಾಪ್‌ಟಾಪ್

ಮಧ್ಯಮ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್ ಇರೋ ಯಾವ ಹಾಸ್ಟೆಲ್ ರೂಮಿಗೆ ಹೋದರೂ ಗೋಳು ಒಂದೇ. ಮೊದಲ ಹದಿನೈದು ನಿಮಿಷ ಆಟ ಬೆಣ್ಣೆಯ ಹಾಗೆ ಜಾರತ್ತೆ. ಆಮೇಲೆ ಫ್ಯಾನು ಕೂಗೋಕೆ ಶುರು, ಕೀಬೋರ್ಡಿನ ಮೇಲ್ಭಾಗ ದೋಸೆ ಕಾವಲಿ, 90 ಇದ್ದ ಎಫ್‌ಪಿಎಸ್ 50ಕ್ಕೆ ಇಳಿಯತ್ತೆ. ಮನೆಯಲ್ಲಿ ಕಾಡಿ ಬೇಡಿ, ಇಎಂಐ ಕಟ್ಟಿಸಿ ತಗೊಂಡ ಯಂತ್ರ ಹೀಗೆ ಮಾಡಿದರೆ ಹೊಟ್ಟೆ ಉರಿಯೋದು ಸಹಜ. ಪೀಸೇ ಡಿಫೆಕ್ಟ್ ಇರಬೇಕು ಅಂತ ಸರ್ವಿಸ್ ಸೆಂಟರಿಗೆ ಅಲೆಯುವವರನ್ನು, ದುಡ್ಡು ಸುರಿದು ಬಣ್ಣದ ಲೈಟಿನ ಕೂಲಿಂಗ್ ಪ್ಯಾಡ್ ತರುವವರನ್ನು ನಾವು ಪ್ರತಿ ಸೆಮಿಸ್ಟರ್ ನೋಡುತ್ತಿದ್ದೇವೆ. ಅವರಿಗೆಲ್ಲ ಈ ಸಲ ಒಬ್ಬ ಹಳೆಯ ಮನುಷ್ಯನ ಪರಿಚಯ ಮಾಡಿಕೊಡೋಣ ಅನ್ನಿಸಿತು. ಹೆಸರು ಗೊತ್ತಿರೋದೇ, ಹೈಸ್ಕೂಲಿನಿಂದ ಯೂನಿಟ್ಟಾಗಿ ಬರೆಯುತ್ತಾ ಬಂದಿದ್ದೇವೆ. ಆ ಯೂನಿಟ್ಟಿನ ಹಿಂದೆ ಒಬ್ಬ ಆಸಾಮಿ ಇದ್ದ ಅನ್ನೋದು ಮಾತ್ರ ಮರೆತುಹೋಗಿದೆ.

ಜೇಮ್ಸ್ ಪ್ರೆಸ್ಕಾಟ್ ಜೂಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ. ಅಪ್ಪ ಬಿಯರ್ ತಯಾರಿಸುವ ಶ್ರೀಮಂತ. ಹುಡುಗನಿಗೆ ಬೆನ್ನುಮೂಳೆಯ ತೊಂದರೆ, ಜತೆಗೆ ಸಂಕೋಚದ ಸ್ವಭಾವ. ಹಾಗಾಗಿ ಪಾಠವೆಲ್ಲ ಮನೆಯಲ್ಲೇ. ಹದಿನಾರರ ಆಸುಪಾಸಿನಲ್ಲಿ ಅವನನ್ನೂ ಅಣ್ಣ ಬೆಂಜಮಿನ್‌ನನ್ನೂ ಜಾನ್ ಡಾಲ್ಟನ್ ಬಳಿಗೆ ಕಳಿಸಿದರು. ಪರಮಾಣು ಸಿದ್ಧಾಂತದ ಅದೇ ಡಾಲ್ಟನ್. ಮುದುಕ ಅಂಕಗಣಿತ, ಜ್ಯಾಮಿತಿಗಳನ್ನು ಅರೆದು ಕುಡಿಸಿದ. 1837ರಲ್ಲಿ ಡಾಲ್ಟನ್‌ಗೆ ಪಾರ್ಶ್ವವಾಯು ಬಡಿದು ಆ ಪಾಠವೂ ನಿಂತಿತು. ಜೂಲ್ ಯಾವ ಯುನಿವರ್ಸಿಟಿಯ ಮೆಟ್ಟಿಲನ್ನೂ ವಿದ್ಯಾರ್ಥಿಯಾಗಿ ಹತ್ತಲಿಲ್ಲ. ಕಾರ್ಖಾನೆಯ ಕೆಲಸ ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಪ್ರಯೋಗ ಮಾಡುತ್ತಿದ್ದ.

ಅವನ ಮೊದಲ ಹುಚ್ಚು ಪರ್ಫಾರ್ಮೆನ್ಸ್! ಆಗಷ್ಟೇ ವಿದ್ಯುತ್ ಮೋಟರಿನ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಸ್ಟೀಮ್ ಎಂಜಿನ್ ತೆಗೆದು ಆ ಜಾಗದಲ್ಲಿ ಬ್ಯಾಟರಿ ಮೋಟರ್ ಕೂರಿಸಿದರೆ ಹೇಗೆ ಅಂತ ಹತ್ತೊಂಬತ್ತರ ಹುಡುಗ ಲೆಕ್ಕಕ್ಕೆ ಕೂತ. 1838ರಲ್ಲಿ ಮೊದಲ ಲೇಖನವೂ ಬಂತು. ಆದರೆ ಅಳೆಯುತ್ತಾ ಹೋದ ಹಾಗೆ ಉತ್ಸಾಹ ಇಳಿಯಿತು. ಬ್ಯಾಟರಿಯಲ್ಲಿ ಕರಗುವ ಒಂದು ಪೌಂಡ್ ಸತುವಿನಿಂದ ಸಿಗುವ ಕೆಲಸ, ಒಳ್ಳೆಯ ಸ್ಟೀಮ್ ಎಂಜಿನ್ನಿನಲ್ಲಿ ಒಂದು ಪೌಂಡ್ ಕಲ್ಲಿದ್ದಲಿನಿಂದ ಸಿಗುವುದರ ಸುಮಾರು ಐದನೇ ಒಂದು ಭಾಗ ಅಷ್ಟೇ. ಸತುವೋ ಕಲ್ಲಿದ್ದಲಿಗಿಂತ ಎಷ್ಟೋ ಪಟ್ಟು ದುಬಾರಿ. ವ್ಯಾಪಾರಿಯ ಮಗನಿಗೆ ಇದು ಗಿಟ್ಟಲ್ಲ ಅಂತ ಗೊತ್ತಾಗೋಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಲ್ಲಿಗೆ ಬಿಟ್ಟಿದ್ದರೆ ನಮಗೆ ಜೂಲ್ ಇರುತ್ತಿರಲಿಲ್ಲ. ಅವನು ಬಿಡದೆ, ಕೆಲಸ ಆಗದೆ ಉಳಿದ ಕರೆಂಟು ಏನಾಗತ್ತೆ ಅಂತ ಹುಡುಕಿಕೊಂಡು ಹೋದ.

ಗಾಜಿನ ನಳಿಗೆಗೆ ತಂತಿ ಸುತ್ತಿ, ನೀರಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ, ನೀರು ಎಷ್ಟು ಬಿಸಿಯಾಯಿತು ಅಂತ ಅಳೆದ. 1840ರ ಕೊನೆಗೆ ಉತ್ತರ ಸಿಕ್ಕಿತು: ಹುಟ್ಟುವ ಬಿಸಿ, ಕರೆಂಟಿನ ವರ್ಗವನ್ನು ರೆಸಿಸ್ಟೆನ್ಸಿನಿಂದ ಗುಣಿಸಿದಷ್ಟು. ನಾವು ಪರೀಕ್ಷೆಗೆ ಉರು ಹೊಡೆಯುವ ಐ ಸ್ಕ್ವೇರ್ ಆರ್ ಇದೇ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಲಂಡನ್ನಿನ ರಾಯಲ್ ಸೊಸೈಟಿ ಅವನ ಲೇಖನದ ಸಾರಾಂಶ ಮಾತ್ರ ಅಚ್ಚು ಹಾಕಿತು. ಪೂರ್ತಿ ಲೇಖನ ಮರುವರ್ಷ ಬೇರೆ ಪತ್ರಿಕೆಯಲ್ಲಿ ಬಂತು.

ಈ ವರ್ಗದ ಕಾಟ ನಮ್ಮ ಚಿಪ್ಪಿನೊಳಗೂ ಇದೆ. ಪ್ರತಿ ಟ್ರಾನ್ಸಿಸ್ಟರಿನ ಗೇಟ್ ಒಂದು ಪುಟಾಣಿ ಕೆಪಾಸಿಟರ್. ಅದು ತುಂಬುವಾಗ, ಖಾಲಿಯಾಗುವಾಗ ಕರೆಂಟು ರೆಸಿಸ್ಟೆನ್ಸಿನ ಮೂಲಕವೇ ಹಾಯಬೇಕು, ಹಾಯ್ದಾಗ ಜೂಲ್ ಹೇಳಿದ ಬಿಸಿ ಹುಟ್ಟಲೇಬೇಕು. ಒಂದು ಸಲ ಸ್ವಿಚ್ ಆಗೋಕೆ ಖರ್ಚಾಗುವ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರತ್ತೆ. ಸೆಕೆಂಡಿಗೆ ಎಷ್ಟು ಸಲ ಅನ್ನೋದು ಕ್ಲಾಕ್ ಸ್ಪೀಡ್. ಕ್ಲಾಕ್ ಏರಿಸಬೇಕು ಅಂದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕು. ಅಂದರೆ ಕೊನೆಯ ಒಂದಿಷ್ಟು ಎಫ್‌ಪಿಎಸ್‌ಗೆ ನಾವು ತೆರುವ ಬಿಸಿ, ಮೊದಲಿನ ಎಫ್‌ಪಿಎಸ್‌ಗೆ ತೆತ್ತದ್ದಕ್ಕಿಂತ ಬಹಳ ಹೆಚ್ಚು. ವೋಲ್ಟೇಜ್ ಸ್ವಲ್ಪ ತಗ್ಗಿಸಿದರೆ ಅಥವಾ ಫ್ರೇಮ್‌ಗಳನ್ನು 60ಕ್ಕೆ ಕಟ್ಟಿಹಾಕಿದರೆ ಲ್ಯಾಪ್‌ಟಾಪ್ ದಿಢೀರ್ ಅಂತ ತಣ್ಣಗಾಗೋದು ಇದಕ್ಕೇ. ನಮ್ಮ ಕೇಳಿದರೆ ಎಲ್ಲ ಪ್ಯಾಡುಗಳಿಗಿಂತ ಮೊದಲು ಮಾಡಬೇಕಾದ ಕೆಲಸ ಇದು, ಪುಕ್ಕಟೆ ಬೇರೆ.

ಆಗಿನ ದೊಡ್ಡವರೆಲ್ಲ ಶಾಖ ಅನ್ನೋದು ಒಂದು ಕಣ್ಣಿಗೆ ಕಾಣದ ದ್ರವ, ಅದನ್ನು ಹುಟ್ಟಿಸೋಕೂ ಆಗಲ್ಲ, ನಾಶ ಮಾಡೋಕೂ ಆಗಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯತ್ತೆ ಅಷ್ಟೇ ಅಂತ ನಂಬಿದ್ದರು. ಜೂಲ್ 1843ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ನಡೆದ ವಿಜ್ಞಾನಿಗಳ ಸಭೆಗೆ ಹೋಗಿ, ಕೈಯಿಂದ ಮಾಡಿದ ಕೆಲಸವೇ ಬಿಸಿಯಾಗಿ ಬದಲಾಗತ್ತೆ, ಇಷ್ಟು ಕೆಲಸಕ್ಕೆ ಇಷ್ಟು ಬಿಸಿ ಅಂತ ಲೆಕ್ಕ ಕೊಟ್ಟ. ಸಭೆಯಲ್ಲಿ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಡಿಗ್ರಿ ಇಲ್ಲದ, ಬಿಯರ್ ಮಾರುವ ಇಪ್ಪತ್ನಾಲ್ಕರ ಹುಡುಗ.

ಅವನು ಜಗಳಕ್ಕೆ ಹೋಗಲಿಲ್ಲ, ಇನ್ನೂ ಚೆನ್ನಾಗಿ ಅಳೆದ. ಪ್ರಸಿದ್ಧವಾದ ಪ್ಯಾಡಲ್ ಚಕ್ರದ ಪ್ರಯೋಗ ಬಂದದ್ದು ಹೀಗೆ. ನೀರು ತುಂಬಿದ ತಾಮ್ರದ ಪಾತ್ರೆಯೊಳಗೆ ಒಂದು ಕಡೆಗೋಲಿನಂಥ ಚಕ್ರ, ಅದಕ್ಕೆ ದಾರ, ದಾರದ ತುದಿಗೆ ತಲಾ 13 ಕೆಜಿಯಷ್ಟು ತೂಗುವ ಎರಡು ಸೀಸದ ತೂಕಗಳು. ತೂಕ ಒಂದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಇಳಿಯುವಾಗ ಚಕ್ರ ತಿರುಗಿ ನೀರನ್ನು ಕಡೆಯತ್ತೆ. ಮತ್ತೆ ಮೇಲೆತ್ತು, ಮತ್ತೆ ಬಿಡು, ಹೀಗೆ 20 ಸಲ. ಇಷ್ಟೆಲ್ಲ ಆದಮೇಲೆ ನೀರಿನ ಬಿಸಿ ಏರೋದು ಫ್ಯಾರನ್‌ಹೀಟಿನ ಅರ್ಧ ಡಿಗ್ರಿಯ ಆಸುಪಾಸು. ಪಕ್ಕದಲ್ಲಿ ನಿಂತ ಮನುಷ್ಯನ ಮೈಬಿಸಿಯೂ ಲೆಕ್ಕ ಕೆಡಿಸಬಹುದು. ಅದಕ್ಕೆ ಮ್ಯಾಂಚೆಸ್ಟರಿನ ಡ್ಯಾನ್ಸರ್ ಎಂಬ ಕುಶಲಕರ್ಮಿ ಮಾಡಿದ ಥರ್ಮಾಮೀಟರಿನಲ್ಲಿ ಒಂದು ಡಿಗ್ರಿಯ ಇನ್ನೂರನೇ ಒಂದು ಭಾಗದವರೆಗೆ ಓದುತ್ತಿದ್ದ. ಬಿಯರ್ ಮಾಡೋದು ಒಂದೆರಡು ಡಿಗ್ರಿ ಆಚೀಚೆ ಆದರೂ ಕೆಡುವ ಕೆಲಸ. ಆ ಕಣ್ಣು ಅಲ್ಲೇ ಪಳಗಿದ್ದಿರಬೇಕು.

1847ರ ಜೂನ್‌ನಲ್ಲಿ ಆಕ್ಸ್‌ಫರ್ಡಿನಲ್ಲಿ ಮತ್ತೆ ಸಭೆ. ಬೇಗ ಮುಗಿಸಪ್ಪಾ ಅಂತ ಅಧ್ಯಕ್ಷರು ಮೊದಲೇ ಸೂಚಿಸಿದ್ದರು. ಈ ಸಲವೂ ವಿಷಯ ಮಣ್ಣುಪಾಲಾಗುತ್ತಿತ್ತೇನೋ, ಆದರೆ ವಿಲಿಯಂ ಥಾಮ್ಸನ್ ಎಂಬ ಇಪ್ಪತ್ತರ ಹರೆಯದ ಪ್ರೊಫೆಸರ್ ಅಲ್ಲಿದ್ದು ಆಸಕ್ತಿ ತೋರಿಸಿದ. ಮುಂದೆ ಲಾರ್ಡ್ ಕೆಲ್ವಿನ್ ಆದವನು ಇವನೇ. ಅದೇ ಆಗಸ್ಟಿನಲ್ಲಿ ಜೂಲ್‌ಗೆ ಅಮೀಲಿಯಾ ಗ್ರೈಮ್ಸ್ ಜತೆ ಮದುವೆಯಾಯಿತು. ಕೆಲ್ವಿನ್ ನೆನಪಿಸಿಕೊಂಡ ಪ್ರಕಾರ, ಹನಿಮೂನಿಗೆ ಆಲ್ಪ್ಸ್ ಪರ್ವತಕ್ಕೆ ಹೋಗಿದ್ದ ಜೂಲ್ ದಾರಿಯಲ್ಲಿ ಅವನಿಗೆ ಎದುರಾದ. ಕೈಯಲ್ಲಿ ಥರ್ಮಾಮೀಟರ್, ಹಿಂದಿನ ಗಾಡಿಯಲ್ಲಿ ಹೆಂಡತಿ! ಜಲಪಾತದ ತಲೆಯಲ್ಲಿ ಎಷ್ಟು ಬಿಸಿ, ಬುಡದಲ್ಲಿ ಎಷ್ಟು ಬಿಸಿ ಅಂತ ನೋಡುವ ಆಸೆ. ಕೆಲವು ದಿನ ಬಿಟ್ಟು ಇಬ್ಬರೂ ಸೇರಿ ಸಲಾಂಶ್ ಜಲಪಾತದಲ್ಲಿ ಅಳೆಯಲು ನೋಡಿದರು. ನೀರು ತುಂತುರಾಗಿ ಚೆದುರಿ ಪ್ರಯೋಗ ಕೈಕೊಟ್ಟಿತು. ನಮ್ಮ ಜೋಗದ 253 ಮೀಟರಿಗೆ ಅವನ ಲೆಕ್ಕ ಹಚ್ಚಿದರೆ ನೀರು ಬಿಸಿಯಾಗೋದು ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಮಾತ್ರ. ತುಂತುರು ಆರುವಾಗ ತಣ್ಣಗಾಗೋದು ಬೇರೆ. ಅಲ್ಲೂ ಕೈಕೊಡುತ್ತಿತ್ತು.

ಈಗ ಅದೇ ಲೆಕ್ಕ ಲ್ಯಾಪ್‌ಟಾಪಿಗೆ ಹಚ್ಚೋಣ. ಆಡುವಾಗ ಅದು 100 ವ್ಯಾಟ್ ಎಳೆಯುತ್ತಿದೆ ಅಂದರೆ ಸೆಕೆಂಡಿಗೆ 100 ಜೂಲ್. ಇದರಲ್ಲಿ ಗ್ರಾಫಿಕ್ಸಿಗೆ ಇಷ್ಟು, ಬಿಸಿಗೆ ಇಷ್ಟು ಅಂತ ಪಾಲು ಇಲ್ಲ. ಸ್ಕ್ರೀನಿನ ಬೆಳಕು, ಫ್ಯಾನಿನ ಗಾಳಿಯಾಗಿ ಹೊರಹೋಗುವ ಚೂರುಪಾರು ಬಿಟ್ಟರೆ, ಒಳಗೆ ಹೋದ ಕರೆಂಟು ಪೂರ್ತಿ ಅಲ್ಲೇ ಬಿಸಿಯಾಗಿ ಹೊರಗೆ ಬರಬೇಕು. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸೋಕೆ ಬೇಕಾದಷ್ಟು ಶಕ್ತಿ 52 ನಿಮಿಷದ ಆಟದಲ್ಲಿ ಹೊರಬೀಳತ್ತೆ. ಇಷ್ಟನ್ನೂ ಎರಡು ಬೆರಳು ದಪ್ಪದ ಡಬ್ಬಿಯೊಳಗಿನ ತಾಮ್ರದ ಕೊಳವೆ, ಎರಡು ಸಣ್ಣ ಫ್ಯಾನು ಸಾಗಹಾಕಬೇಕು. ಸಾಗದೆ ಹೋದಾಗ ಚಿಪ್ 95, 100 ಡಿಗ್ರಿ ಮುಟ್ಟಿ ತಾನೇ ಕ್ಲಾಕ್ ತಗ್ಗಿಸಿಕೊಳ್ಳತ್ತೆ. ಹಾಸಿಗೆ ಮೇಲಿಟ್ಟು ಗಾಳಿಯ ಕಿಂಡಿ ಮುಚ್ಚಿದರೆ, ಧೂಳು ಕಟ್ಟಿದರೆ, ಮೇ ತಿಂಗಳಲ್ಲಿ ಕಲಬುರಗಿಯ ರೂಮಿನ ಗಾಳಿಯೇ 40 ಡಿಗ್ರಿ ಇದ್ದರೆ ಆ ಗಡಿ ಬೇಗ ಬರತ್ತೆ. ಇನ್ನೊಂದು ವಿಷಯ, ಕೊಳ್ಳುವವರು ಗಮನಿಸಿ: ಒಂದೇ ಹೆಸರಿನ ಜಿಪಿಯು ಒಂದು ಲ್ಯಾಪ್‌ಟಾಪಿನಲ್ಲಿ 50 ವ್ಯಾಟಿಗೆ, ಇನ್ನೊಂದರಲ್ಲಿ 100 ವ್ಯಾಟಿಗೆ ಕಟ್ಟಿರಬಹುದು. ಡಬ್ಬದ ಮೇಲಿನ ಸ್ಟಿಕ್ಕರ್ ನೋಡಿ ದುಡ್ಡು ಕೊಡುವವರಿಗೆ ಈ ವ್ಯತ್ಯಾಸ ತಿಳಿಯೋದು ಮನೆಗೆ ಬಂದಮೇಲೆ. ವ್ಯಾಟ್ ಎಷ್ಟು ಅಂತ ಮೊದಲೇ ಕೇಳಿ.

1850ರಲ್ಲಿ ರಾಯಲ್ ಸೊಸೈಟಿ ಜೂಲ್‌ನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಅಷ್ಟರಲ್ಲಿ ಅವನ ಲೆಕ್ಕ ಪಕ್ಕಾ ಆಗಿತ್ತು: ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡೋಕೆ 772 ಅಡಿ-ಪೌಂಡ್ ಕೆಲಸ. ಮುಂದೆ ಥಾಮ್ಸನ್ ಜತೆ ಸೇರಿ ಇನ್ನೊಂದು ವಿಷಯ ಕಂಡುಕೊಂಡ. ಒತ್ತಡದಲ್ಲಿರುವ ಗಾಳಿಯನ್ನು ಸಣ್ಣ ರಂಧ್ರಗಳ ಮೂಲಕ ತೂರಿಸಿದರೆ ಅದು ತಣ್ಣಗಾಗತ್ತೆ. ಮೆಕ್ಯಾನಿಕಲ್‌ನವರು ಇದನ್ನು ಥ್ರಾಟ್ಲಿಂಗ್ ಅಂತ ಓದುತ್ತಾರೆ. ಗೇಮರ್‌ಗಳು ಅದೇ ಪದವನ್ನು ಶಾಪದ ಹಾಗೆ ಬಳಸುತ್ತಾರೆ.

ಮನೆಯಲ್ಲಿ ಮಾತ್ರ ಒಳ್ಳೆಯದಾಗಲಿಲ್ಲ. 1854ರಲ್ಲಿ ಅಮೀಲಿಯಾ ತೀರಿಕೊಂಡಳು, ಎರಡು ಚಿಕ್ಕ ಮಕ್ಕಳು ಉಳಿದವು. ಅದೇ ಹೊತ್ತಿಗೆ ಕಾರ್ಖಾನೆಯೂ ಮಾರಾಟವಾಯಿತು. ಹೆಚ್ಚು ಯಾರ ಜತೆಗೂ ಬೆರೆಯದೆ, ಅಳೆಯುತ್ತಲೇ ಉಳಿದ. ಕೈಯಲ್ಲಿದ್ದ ಹಣ ಕರಗಿ, 1878ರಲ್ಲಿ ಸರ್ಕಾರ ವರ್ಷಕ್ಕೆ 200 ಪೌಂಡ್ ಪಿಂಚಣಿ ಗೊತ್ತು ಮಾಡಿತು. ಅರವತ್ತರ ಹತ್ತಿರದ ಆ ವರ್ಷವೇ ಹಳೆಯ ಪ್ಯಾಡಲ್ ಪ್ರಯೋಗದ ಹೊಸ ಲೆಕ್ಕವನ್ನು ಪ್ರಕಟಿಸಿದ. 772.55 ಬಂತು.

1889ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಸಮ್ಮೇಳನ ಶಕ್ತಿಯ ಅಳತೆಗೆ ಜೂಲ್ ಅಂತ ಹೆಸರಿಟ್ಟಿತು. ಕೆಲವೇ ವಾರಗಳಲ್ಲಿ, ಅಕ್ಟೋಬರ್ 11ರಂದು, ಮ್ಯಾಂಚೆಸ್ಟರ್ ಹತ್ತಿರದ ಸೇಲ್ ಎಂಬ ಊರಿನಲ್ಲಿ ಅವನು ತೀರಿಕೊಂಡ. ಅಲ್ಲಿನ ಬ್ರೂಕ್‌ಲ್ಯಾಂಡ್ಸ್ ಸ್ಮಶಾನದಲ್ಲಿರುವ ಸಮಾಧಿಯ ಕಲ್ಲಿನ ಮೇಲೆ 772.55 ಅಂತ ಕೆತ್ತಿದ್ದಾರೆ. ಇವತ್ತಿನ ಲೆಕ್ಕದಲ್ಲಿ ಅದು 778ರ ಆಸುಪಾಸು. ಒಂದು ಪರ್ಸೆಂಟೂ ತಪ್ಪಿಲ್ಲ.